ಒಣ ಬಂದರು

ಕ್ಯಾಮೆರಾ ಸಿಕ್ಕಿದ್ದು ಭಾನುವಾರದ ಬಜಾರಿನಲ್ಲಿ,
ಗೊಂಬೆಯ ಒಂಟಿ ಕಾಲು, ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆ,
ಗಂಟು ಬಿದ್ದ ವೈರುಗಳ ನಡುವೆ.
ಆರುನೂರು ಅಂದ. ಮುನ್ನೂರೈವತ್ತಕ್ಕೆ ಇಳಿದ.
ಒಳಗೊಂದು ರೀಲು ಉಳಿದಿದೆಯೆಂದು
ಅವನಿಗೂ ಗೊತ್ತಿರಲಿಲ್ಲ.

ಕಾಕ್ಸ್ ಟೌನಿನ ನನ್ನ ಸ್ಟುಡಿಯೋದಲ್ಲಿ ಈಗ ಡಾರ್ಕ್‌ರೂಮೆಂದರೆ
ಪೊರಕೆ, ಬಕೆಟ್ಟು, ಹಳೇ ಬಿಲ್ ಪುಸ್ತಕ ಇಡುವ ಜಾಗ.
ಎಲ್ಲ ಹೊರಗೆಳೆದೆ. ಬಾಗಿಲ ಸಂದಿಗೆ ದುಪ್ಪಟ್ಟಾ ತುರುಕಿ
ಕತ್ತಲಲ್ಲಿ ಬೆರಳಿಂದಲೇ ನೋಡುತ್ತ ತೊಳೆದೆ.
ಒಂಬತ್ತು ಚಿತ್ರ ಬದುಕಿದ್ದವು.

ಕ್ರೇನು. ಮತ್ತೆ ಕ್ರೇನು. ಒದ್ದೆ ಕಲ್ಲಿನ ಬೀದಿ.
ನೀರಿಗೆ ಕಾಲಿಳಿಸಿ ಕೂತ ಇಟ್ಟಿಗೆಯ ಗೋದಾಮುಗಳು.
ಹಡಗಿನ ಬೆನ್ನ ಮೇಲೆ ಊರ ಹೆಸರು: ಹ್ಯಾಂಬುರ್ಗ್.
ಎಲ್ಲದರ ಮೂಲೆಯಲ್ಲೂ ಸೈಕಲ್ಲಿನ ಹ್ಯಾಂಡಲ್ ತುದಿ.
ಇಳಿದು ತೆಗೆಯುವ ಪುರಸೊತ್ತಿರಲಿಲ್ಲವೋ,
ಜೊತೆಗಾರನೂ ಬೀಳಲಿ ಚಿತ್ರದಲ್ಲಿ ಎಂಬ ಆಸೆಯೋ.
ಸಣ್ಣ ತಿರುಗಾಟವೇ ಇರಬೇಕು:
ಒಂದೇ ಮೋಡ ಮೂರು ಚಿತ್ರದಲ್ಲಿದೆ.
ಒಂಬತ್ತನೆಯದು ಬರೀ ನೆರಳು,
ಕತ್ತು ಬಗ್ಗಿಸಿದ್ದು. ಗಂಡೋ ಹೆಣ್ಣೋ ಹೇಳಲಾರೆ.

ನಮ್ಮೂರಿಗೆ ಸಮುದ್ರವಿಲ್ಲ.
ಇದ್ದ ಕೆರೆಯ ಮೇಲೆ ಬಸ್ಸು ನಿಲ್ಲುತ್ತವೆ.
ಆದರೆ ಬಂದರಿದೆ, ವೈಟ್‌ಫೀಲ್ಡ್ ಸ್ಟೇಷನ್ನಿನ ಹತ್ತಿರ:
ರೈಲಿನ ಮೇಲೆ ಕಂಟೇನರು ಬಂದಿಳಿಯುವ ಬಯಲು.

ಮೊಟ್ಟೆ ಹಾಕುವ ಜಬೀವುಲ್ಲಾನ ಸೈಕಲ್ಲು ಬೇಡಿದೆ.
ಅವನಮ್ಮನ ಪಾಸ್‌ಪೋರ್ಟ್ ಫೋಟೋ ಬಿಟ್ಟಿ ಎಂದು ಕರಾರು.
ಬೆಳಗಿನ ಐದು. ನಲವತ್ತಾರು ವರ್ಷದ ಮೊಣಕಾಲು.
ಟಿನ್ ಫ್ಯಾಕ್ಟರಿಯಲ್ಲಿ ಬಸ್ಸುಗಳಿನ್ನೂ ಆಕಳಿಸುತ್ತಿದ್ದವು.
ಕೆ.ಆರ್. ಪುರದ ತೂಗುಸೇತುವೆಯ ಹಗ್ಗಗಳ ಕೆಳಗೆ
ಒಂದು ಕ್ಷಣ, ನಿಜವಾಗಿಯೂ, ಹಾಯಿ ಕಂಡೆ.
ಲಾರಿಯವನು ಹಾರನ್ನು ಹೊಡೆದ. ಹೂಡಿಯ ತನಕ
ಅವನ ಹೊಗೆಯೇ ನನಗೆ ಸಮುದ್ರದ ಮಂಜು.

ಗೇಟಿನಲ್ಲಿ ಮುನಿಚೌಡಪ್ಪ.
'ಫೋಟೋ ಗೀಟೋ ಇಲ್ಲಮ್ಮ, ಕಸ್ಟಮ್ಸ್‌ನೋರು ಬೈತಾರೆ.'
ವಾದಿಸಲಿಲ್ಲ. ಒಂಬತ್ತು ಪ್ರಿಂಟು ಅವನ ಮೇಜಿನ ಮೇಲೆ ಹರಡಿದೆ.
ಟೀ ಲೋಟ ಪಕ್ಕಕ್ಕಿಟ್ಟ. ಕನ್ನಡಕ ಒರೆಸಿಕೊಂಡ.
ಬಹಳ ಹೊತ್ತು ನೋಡಿ ಅಂದ:
'ಇದೂ ಯಾರ್ಡೇ. ನೀರು ಬಿಟ್ಟವರೆ, ಅಷ್ಟೇಯ.'

ಆಮೇಲೆ ಹಿಂದಿನ ಗೋಡೆ ಎಲ್ಲಿ ಬಿದ್ದಿದೆಯೆಂದು
ಗದ್ದದಲ್ಲೇ ತೋರಿಸಿದ.

ಹೊಂಗೆಮರಕ್ಕೆ ಸೈಕಲ್ಲು ಆನಿಸಿ ನಿಂತೆ.
ಗೂಡ್ಸು ಬಂದರೆ ಭರತ, ಹೊರಟರೆ ಇಳಿತ.
ಕಡಲಹಕ್ಕಿಯ ಬದಲಿಗೆ ಹದ್ದು, ಅದೂ ಕೋಳಿ ಅಂಗಡಿಯದು.
ಒಂದು ಕೆಂಪು ಕಂಟೇನರಿನ ಪಕ್ಕೆಯ ಮೇಲೆ
ಅದೇ ಹೆಸರು, ಹ್ಯಾಂಬುರ್ಗ್. ತುಕ್ಕು ಮೊದಲಕ್ಷರ ತಿಂದಿತ್ತು.
ಹ್ಯಾಂಡಲ್ ತುದಿ ಮೂಲೆಗೆ ಬರುವ ಹಾಗೆ
ಹಿಂದೆ ಸರಿದೆ, ಮುಂದೆ ಬಂದೆ, ಒತ್ತಿದೆ.
ಗೋಡೆಯಾಚೆ ಕೈಚಾಚಿ ಕಬ್ಬಿಣದ ಮೂಲೆ ಮುಟ್ಟಿದೆ,
ಬೆರಳು ನೆಕ್ಕಿದೆ, ಯಾರೂ ನೋಡುತ್ತಿಲ್ಲವೆಂದು.
ಉಪ್ಪು. ಅದು ನನ್ನ ಬೆವರಿನದೂ ಇರಬಹುದು.

ಬರುವಾಗ ಮಹದೇವಪುರದಲ್ಲಿ ಪಂಕ್ಚರು.
ಭಾನುವಾರ ಅಂತ ಅಂಗಡಿಯವನು ಎಂಟಕ್ಕೆ ಬಂದ.

ಮುಂದಿನ ವಾರ ಪ್ರಿಂಟು ಕೊಡಲು ಬಸ್ಸಿನಲ್ಲೇ ಹೋದೆ.
ಹಿಂಬಾಗಿಲ ಸ್ಪಂಜು ಕೊಳೆತಿತ್ತು, ಬೆಳಕು ಸೋರಿತ್ತು,
ಪ್ರತಿ ಚಿತ್ರದ ಬುಡದಲ್ಲೂ ಬಿಳಿ ಕಲೆ.
'ಕೆಟ್ಟಿದೆ, ತಪ್ಪು ತಿಳೀಬೇಡಿ' ಅಂದೆ.
ಮುನಿಚೌಡಪ್ಪ ಆ ಬಿಳುಪಿನ ಅಂಚಿಗೆ ಬೆರಳಿಟ್ಟು
ಕಂಟೇನರಿನ ಕೆಳಗೆಳೆಯುತ್ತ, ಈ ಕೊನೆಯಿಂದ ಆ ಕೊನೆಗೆ,
'ಬಂದೈತಲ್ಲ' ಅಂದ.
ಸ್ಪಂಜಿನ ವಿಷಯ ಮತ್ತೊಮ್ಮೆ ಹೇಳಿದೆ.
ಅವನಾಗಲೇ ಅದನ್ನು ಬುತ್ತಿಚೀಲದಲ್ಲಿ ಇಡುತ್ತಿದ್ದ,
ಮಜ್ಜಿಗೆ ಬಾಟಲಿ ತಾಗದ ಹಾಗೆ.